ಮಗಳು ಆರಿಸಿದ ಕಾರು

"ಮನೇಲಿ ಎಷ್ಟು ಜನ ಇದೀರಿ ಸಾರ್?"

ಪವಿತ್ರ ಕೇಳಿದ್ದು ಇಷ್ಟೇ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಆ ಎಲೆಕ್ಟ್ರಿಕ್ ಕಾರು ಶೋರೂಮಿಗೆ ಬಂದವರನ್ನೆಲ್ಲ ಅವಳು ಮೊದಲು ಕೇಳುವ ಪ್ರಶ್ನೆಯೇ ಅದು. ಕೈಯಲ್ಲಿ ಟ್ಯಾಬ್ ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು. ನರಸಿಂಹಮೂರ್ತಿ ಪಕ್ಕದಲ್ಲಿದ್ದ ಕಾರಿನತ್ತ ನೋಡುತ್ತ ಹೇಳಿದ.

"ಮೂರು ಜನ. ನಾನು, ಮನೆಯವರು, ಮಗಳು."

ಪೂರ್ತಿ ಸುಳ್ಳೆನ್ನುವಂತಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಈಗಲೂ ಮೂರು ಹೆಸರಿದ್ದವು. ನಾಲ್ಕು ವರ್ಷದ ಹಿಂದೆ ಹೆಂಡತಿ ಮಾಲಾ, ಗೌರಿಬಿದನೂರಿನ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತೆಂದು, ಮಗಳು ರೂಪಳನ್ನು ಕರೆದುಕೊಂಡು ತಮ್ಮನ ಮನೆಯ ಮಹಡಿಗೆ ಹೋಗಿದ್ದಳು. "ಇದೊಂದ್ ವರ್ಷ ನೋಡ್ತೀನಿ" ಎಂದು ಹೇಳಿಯೇ ಹೋಗಿದ್ದಳು. ಜಗಳವೇನೂ ಆಗಿರಲಿಲ್ಲ. ಜಗಳವಾಡುವಷ್ಟು ಮಾತೇ ಆ ಮನೆಯಲ್ಲಿರಲಿಲ್ಲ. ಮೂರ್ತಿ ಶಿಡ್ಲಘಟ್ಟ ತಾಲ್ಲೂಕು ಕಚೇರಿಯ ಸರ್ವೆಯರ್. ಹಗಲೆಲ್ಲ ಊರವರ ಹೊಲಗಳ ಗಡಿ ಅಳೆದು, ಅವರ ಕೂಗಾಟ ಕೇಳಿ, ಸಂಜೆ ಮನೆಗೆ ಬಂದು ನಕ್ಷೆ ಹರಡಿಕೊಂಡು ಕೂರುತ್ತಿದ್ದ. ಎದುರಿಗೆ ಕೂತವಳು ಏನು ಹೇಳಿದರೂ "ಹ್ಞೂಂ" ಎನ್ನುತ್ತಿದ್ದ. ಅವಳು ಹೇಳುವುದನ್ನು ಯಾವಾಗ ನಿಲ್ಲಿಸಿದಳೆಂಬುದೂ ಅವನ ಗಮನಕ್ಕೆ ಬಂದಿರಲಿಲ್ಲ.

ಈಗ ಬೆನ್ನು ಹಿಡಿದುಕೊಂಡಿತ್ತು. ಇನ್ನು ಬೈಕ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಕಾರು ಬೇಕಾಗಿದ್ದದ್ದು ಅದಕ್ಕೆ.

ಪವಿತ್ರ ಶೋರೂಮಿನಲ್ಲಿದ್ದ ಮೂರು ಕಾರುಗಳನ್ನೂ ಸುತ್ತಾಡಿಸಿ ತೋರಿಸಿದಳು. ಕಂಪನಿಯವರು ಇಟ್ಟಿದ್ದ ಇಂಗ್ಲಿಷ್ ಹೆಸರುಗಳು ಮೂರ್ತಿಯ ನಾಲಿಗೆಗೆ ಹತ್ತಲಿಲ್ಲ. ಚಿಕ್ಕದು, ನಡುವಿನದು, ದೊಡ್ಡದು ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡ. ಚಿಕ್ಕದು ಒಂದು ಸಲ ಚಾರ್ಜ್ ಮಾಡಿದರೆ ಇನ್ನೂರು ಕಿಲೋಮೀಟರ್ ಓಡುತ್ತಿತ್ತು, ದೊಡ್ಡದು ನಾನೂರು. ಚಿಕ್ಕದರ ಹಿಂದಿನ ಸೀಟಿನಲ್ಲಿ ಕೂತರೆ ಮಂಡಿ ಮುಂದಿನ ಸೀಟಿಗೆ ತಾಕುತ್ತಿತ್ತು. ದೊಡ್ಡದರಲ್ಲಿ ಕಾಲು ಚಾಚಬಹುದಿತ್ತು.

"ಫ್ಯಾಮಿಲಿಗಾದ್ರೆ ದೊಡ್ಡದೇ ತಗೊಳ್ಳಿ ಸಾರ್," ಎಂದಳು ಪವಿತ್ರ. "ಮೇಡಮ್ಮೂ ಒಂದ್ಸಲ ನೋಡ್ಲಿ. ನಾಳೆ ಭಾನುವಾರ, ಇಡೀ ದಿನ ಗಾಡಿ ನಿಮ್ಗೇ ಕೊಡ್ತೀವಿ. ಎಲ್ರೂ ಒಂದ್ ರೌಂಡ್ ಹೋಗ್ಬನ್ನಿ. ಸಂಜೆ ಆರರೊಳಗೆ ತಂದ್ಬಿಟ್ರೆ ಆಯ್ತು."

ಭಾನುವಾರ ಹತ್ತು ಗಂಟೆಗೆ ಮೂರ್ತಿ ದೊಡ್ಡ ಕಾರಿನಲ್ಲಿ ಮಂಚೇನಹಳ್ಳಿಯ ಮೇಲೆ ಗೌರಿಬಿದನೂರಿಗೆ ಹೊರಟ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಇಂಜಿನ್ನಿನ ಸದ್ದಿಲ್ಲದ ಗಾಡಿಯಲ್ಲಿ ಅವನದೇ ಉಸಿರು ಅವನಿಗೆ ಕೇಳುತ್ತಿತ್ತು. ದಾರಿಯಲ್ಲಿ ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿದ: "ಸುಮ್ನೆ ಬಂದೆ. ಗಾಡಿ ತೋರಿಸ್ಕೊಂಡು ಹೋಗಣ ಅಂತ." ಎರಡನೇ ಸಲ ಸ್ವಲ್ಪ ಸಹಜವಾಗಿ ಬಂತು.

ಮನೆಯ ಮುಂದೆ ನಿಲ್ಲಿಸಿ ಫೋನ್ ಮಾಡಿದ. ರೂಪ ಮೆಟ್ಟಿಲಿಳಿದು ಬಂದಳು. ಎರಡನೇ ಪಿಯುಸಿ, ಹೋದ ಸಲ ನೋಡಿದ್ದಕ್ಕಿಂತ ಎತ್ತರವಾಗಿದ್ದಳು, ಕನ್ನಡಕ ಬಂದಿತ್ತು.

"ಕನ್ನಡಕ ಯಾವಾಗಮ್ಮ?"

"ಆರು ತಿಂಗಳಾಯ್ತಪ್ಪ." ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. "ಟಾಪ್ ಮಾಡೆಲ್ಲಾ? ಇದರ ರಿವ್ಯೂ ನೋಡಿದೀನಿ ನಾನು."

ಮೂರ್ತಿ ಮುಂದಿನ ಬಾಗಿಲು ತೆಗೆದ. ಅವಳು ಹಿಂದಿನ ಬಾಗಿಲು ತೆಗೆದು, "ಲೆಗ್‌ರೂಮ್ ನೋಡ್ತೀನಿ ಇರಿ" ಎಂದು ಒಳಗೆ ಕೂತಳು. ಕೂತವಳು ಮತ್ತೆ ಮುಂದಕ್ಕೆ ಬರಲಿಲ್ಲ. ಅವನು ಮುಂದಿನ ಬಾಗಿಲು ಮುಚ್ಚಿ, ಆಚೆಗೆ ಸುತ್ತಿ ಬಂದು, ಗಾಡಿ ಹೊರಡಿಸಿದ. ಕನ್ನಡಿಯಲ್ಲಿ ಅವಳ ಹಣೆ, ಕನ್ನಡಕದ ಮೇಲಂಚು ಮಾತ್ರ ಕಾಣುತ್ತಿತ್ತು.

ರೈಲ್ವೆ ಗೇಟಿನವರೆಗೂ ಅವಳು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಆಮೇಲೆ ಹೇಳತೊಡಗಿದಳು. ಪವಿತ್ರಳಿಗಿಂತ ಚೆನ್ನಾಗಿ ಹೇಳಿದಳು. ಚಿಕ್ಕದಕ್ಕಿಂತ ನಡುವಿನದಕ್ಕೆ ಬ್ಯಾಟರಿ ಚೂರು ದೊಡ್ಡದು, ಆದರೆ ಡಿಕ್ಕಿಯಲ್ಲಿ ಜಾಗ ಕಮ್ಮಿ. ದೊಡ್ಡದು ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಬೇಗ ಚಾರ್ಜ್ ಆಗುತ್ತದೆ, ಆದರೆ ಮನೆಯ ಸಾಮಾನ್ಯ ಪ್ಲಗ್ಗಿಗೆ ರಾತ್ರಿಯೆಲ್ಲ ಹಾಕಿದರೂ ಸಾಲದು. ಚಿಕ್ಕದನ್ನು ಸಂದಿಯಲ್ಲೂ ತಿರುಗಿಸಲು ಸಲೀಸು.

ಮೂರ್ತಿ ಪ್ರತಿ ಮಾತಿಗೂ ಏನಾದರೊಂದು ಕೇಳುತ್ತ ಹೋದ. ಮಾತು ಮುಗಿಯಬಾರದೆಂದು ಗೊತ್ತಿದ್ದದ್ದನ್ನೂ ಕೇಳಿದ. ಅವಳು ಎಲ್ಲಕ್ಕೂ "ಅಲ್ಲ, ನೀವು ಹಿಂಗೆ ಯೋಚ್ನೆ ಮಾಡಿ", "ನೀವು ಅದನ್ನ ನಂಬೇಡಿ" ಎಂದು ಉತ್ತರ ಕೊಡುತ್ತಿದ್ದಳು. ಶಿಡ್ಲಘಟ್ಟದಲ್ಲಿದ್ದಾಗ ಅವಳು ಅವನನ್ನು ನೀನು ಎನ್ನುತ್ತಿದ್ದಳು. ನೀನು ಹೋಗಿ ನೀವು ಆದದ್ದು ಯಾವ ಫೋನಿನಲ್ಲಿ, ಯಾವ ಹಬ್ಬದ ದಿನ ಎಂದು ಅವನು ನೆನಪಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ಡೈಲಿ ಎಷ್ಟು ಓಡಾಟ ನಿಮ್ದು?"

"ಅರವತ್ತು. ಜಂಗಮಕೋಟೆ ಕಡೆ ಸರ್ವೆ ಬಿದ್ರೆ ಎಪ್ಪತ್ತು."

"ಯಾರ್ಯಾರು ಕೂರ್ತಾರೆ?"

ಮೂರ್ತಿ ರಸ್ತೆ ನೋಡಿದ. ಮುಂದೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ನಿಧಾನವಾಗಿ ಹೋಗುತ್ತಿತ್ತು.

"ನೀವೊಬ್ರೇ ತಾನೇ ಅಪ್ಪ," ಎಂದಳು ರೂಪ. ಲೆಕ್ಕದ ಉತ್ತರ ಹೇಳುವ ದನಿಯಲ್ಲಿ, ಯಾವ ಕಹಿಯೂ ಇಲ್ಲದೆ. "ಚಿಕ್ಕದೇ ಸಾಕು ನಿಮ್ಗೆ. ದೊಡ್ಡದು ಸುಮ್ನೆ ವೇಸ್ಟು."

"ಅಲ್ಲಮ್ಮ, ರಜಾದಲ್ಲಿ ನೀನೇನಾದ್ರೂ ಬಂದ್ರೆ..."

"ನಾನು ಬಂದ್ರೂ ಇಬ್ರೇ ಅಲ್ವಾ?"

ಟ್ರ್ಯಾಕ್ಟರು ಎಡಕ್ಕೆ ಸರಿದು ದಾರಿ ಕೊಟ್ಟಿತು. ಮೂರ್ತಿ ದಾಟಲಿಲ್ಲ. ಸ್ವಲ್ಪ ದೂರ ಅದರ ಹಿಂದೆಯೇ ಹೋಗಿ, ಪೆಟ್ರೋಲ್ ಬಂಕಿನ ಹತ್ತಿರ ತಿರುಗಿಸಿಕೊಂಡ.

ವಾಪಸು ಬಂದಾಗ ಮಾಲಾ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಕೆಂಪು ಪೆನ್ನಿತ್ತು, ಪೇಪರ್ ತಿದ್ದುತ್ತಿದ್ದಳೇನೋ. ಕೂದಲು ನರೆತಿತ್ತು, ಬಣ್ಣ ಹಾಕುವುದನ್ನು ಬಿಟ್ಟಿದ್ದಳು.

"ಬೆನ್ನು ಹೆಂಗಿದೆ? ರೂಪ ಹೇಳಿದ್ಲು."

"ಪರ್ವಾಗಿಲ್ಲ. ಸುಮ್ನೆ ಬಂದೆ, ಗಾಡಿ ತೋರಿಸ್ಕೊಂಡು..." ಮುಂದಿನದು ಮರೆತುಹೋಯಿತು.

"ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ಅಳತೆಗೆ ಹೋದ ಊರುಗಳಲ್ಲಿ ಗುರುತುಪರಿಚಯವಿಲ್ಲದ ಮನೆಯವರೂ ಹೀಗೆಯೇ ಕರೆಯುತ್ತಿದ್ದರು, ಇದೇ ಮರ್ಯಾದೆಯಿಂದ. ಅಲ್ಲೆಲ್ಲ ಹೋಗಿ ಕುಡಿದಿದ್ದ. ಇಲ್ಲಿ ಮೊದಲ ಮೆಟ್ಟಿಲಿಗೂ ಕಾಲಿಡಲು ಆಗಲಿಲ್ಲ.

"ಬೇಡ, ಗಾಡಿ ವಾಪಸ್ ಕೊಡ್ಬೇಕು," ಎಂದ. ಆಗಿನ್ನೂ ಹನ್ನೆರಡು ಗಂಟೆ.

ಮಂಚೇನಹಳ್ಳಿ ದಾಟಿದ ಮೇಲೆ ಹುಣಸೆಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಎರಡು ತಾಸು ಕೂತಿದ್ದ. ನಿದ್ದೆ ಬರಲಿಲ್ಲ. ಯೋಚನೆಯೂ ಒಂದು ದಾರಿಯಲ್ಲಿ ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಮನೆ ಬಿಟ್ಟು ಹೊರಡುವ ಮೊದಲು ಮಾಲಾ ಬಾಗಿಲಲ್ಲಿ ನಿಂತು, "ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದ್ದಳು. ಗ್ಯಾಸ್ ಬುಕ್ ಮಾಡೋ ನಂಬರ್ ಯಾವುದು ಎಂದು ಅವನು ಕೇಳಿದ್ದ.

ಶೋರೂಮಿನಲ್ಲಿ ಕೀ ತೆಗೆದುಕೊಳ್ಳುತ್ತ ಪವಿತ್ರ ಮುಖವರಳಿಸಿದಳು. "ಮನೆಯವ್ರಿಗೆ ಇಷ್ಟ ಆಯ್ತಾ ಸಾರ್?"

"ಚಿಕ್ಕದು ಬುಕ್ ಮಾಡ್ಬಿಡಮ್ಮ."

"ಚಿಕ್ಕದಾ? ಮೂರು ಜನ ಅಂದಿದ್ರಲ್ಲ ಸಾರ್."

"ಮಗಳೇ ಆರಿಸಿದ್ದು," ಎಂದ ಮೂರ್ತಿ. ಹೇಳಿದ ಮೇಲೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿಸಿತು. "ಮೂರೂ ಹೋಲಿಸಿ ನೋಡಿ ಹೇಳಿದ್ಲು. ಅವಳಿಗೆ ಎಲ್ಲಾ ಗೊತ್ತು."

ಮೂರು ವಾರದ ಮೇಲೆ ಶುಕ್ರವಾರ ಗಾಡಿ ಬಂತು. ಬಿಳಿ ಬಣ್ಣ. ಮುಂದೆ ಸೇವಂತಿಗೆ ಹಾರ ಹಾಕಿ, ಚಕ್ರಗಳಿಗೆ ನಿಂಬೆಹಣ್ಣಿಟ್ಟು, ಮೇಜಿನ ಮೇಲೆ ಸಣ್ಣ ಕೇಕ್ ಜೋಡಿಸಿದ್ದರು. ಪವಿತ್ರ ಬಾಗಿಲ ಕಡೆ ನೋಡಿದಳು.

"ಮೇಡಮ್ಮು, ಮಗಳು ಬರ್ತಾ ಇದಾರಾ ಸಾರ್? ಕಾಯಣ್ವಾ?"

"ಇಲ್ಲಮ್ಮ. ಮಗಳಿಗೆ ಟೆಸ್ಟ್ ಐತೆ. ನೀವು ಶುರು ಮಾಡಿ."

ಫೋಟೋ ತೆಗೆಯುವವನು ರಟ್ಟಿನ ದೊಡ್ಡ ಕೀಯನ್ನು ಮೂರ್ತಿಯ ಕೈಗೆ ಕೊಟ್ಟು ಹಿಂದಕ್ಕೆ ಸರಿದು ನೋಡಿದ. ಕಾರು ಚಿಕ್ಕದೇ ಆದರೂ ಅದರ ಮುಂದೆ ಒಬ್ಬನೇ ನಿಂತಿದ್ದು ಏನೋ ಸರಿಕಾಣಲಿಲ್ಲ. ಪವಿತ್ರಳೇ, "ಬನ್ರಪ್ಪ ಎಲ್ಲಾ" ಎಂದು ಕೂಗಿದಳು. ಸರ್ವಿಸ್‌ನ ಇಬ್ಬರು ಕೈ ಒರೆಸಿಕೊಳ್ಳುತ್ತ ಬಂದರು, ನೆಲ ಒರೆಸುತ್ತಿದ್ದ ಚಿಕ್ಕವೆಂಕಟಮ್ಮ ಸೆರಗು ಸರಿಮಾಡಿಕೊಂಡು ಬಂದಳು. ಚಿಕ್ಕವೆಂಕಟಮ್ಮನೇ ಕೇಕಿನ ಚೂರು ಅವನ ಬಾಯಿಗಿಟ್ಟು, "ಒಳ್ಳೇದಾಗ್ಲಪ್ಪ, ಜೋಪಾನ್ವಾಗಿ ಓಡ್ಸು" ಎಂದಳು. ಅವನು ತಲೆಯಾಡಿಸಿದ.

ಫೋಟೋ ರೂಪಳಿಗೆ ಕಳಿಸಿದ. ಐದು ನಿಮಿಷಕ್ಕೆ ಉತ್ತರ ಬಂತು: ಸೂಪರ್ ಅಪ್ಪ. ಅದರ ಕೆಳಗೆ ಇನ್ನೊಂದು: ಇವ್ರೆಲ್ಲ ಯಾರು?

ಶೋರೂಮಿನವರು, ಎಂದು ಬರೆದ.

ಪವಿತ್ರ ಚಾರ್ಜರ್ ಇದ್ದ ಭಾರದ ಚೀಲವನ್ನು ತಂದು ಪಕ್ಕದ ಸೀಟಿನ ಮೇಲಿಟ್ಟಳು. ಮೂರ್ತಿ ಎಲ್ಲರಿಗೂ ಕೈಮುಗಿದು ಹೊರಟ. ಗೇಟು ದಾಟುತ್ತಿದ್ದಂತೆ ಗಾಡಿ ಟಿಣ್ ಟಿಣ್ ಎನ್ನತೊಡಗಿತು. ಬದಿಗೆ ನಿಲ್ಲಿಸಿ ಬಾಗಿಲುಗಳನ್ನು ನೋಡಿದ; ಸರಿಯಾಗಿದ್ದವು. ತನ್ನ ಬೆಲ್ಟ್ ನೋಡಿಕೊಂಡ, ಹಾಕಿತ್ತು. ಎದುರಿನ ಪರದೆಯಲ್ಲಿ ಪಕ್ಕದ ಸೀಟಿನ ಚಿತ್ರ ಕೆಂಪಗೆ ಮಿನುಗುತ್ತಿತ್ತು. ಚೀಲದ ಭಾರಕ್ಕೆ ಅಲ್ಲಿ ಯಾರೋ ಕೂತಿದ್ದಾರೆಂದು ಗಾಡಿ ತಿಳಿದಿತ್ತು.

ಎತ್ತಿ ಹಿಂದಿನ ಸೀಟಿಗೆ ಹಾಕಲೆಂದು ಚೀಲದ ಹಿಡಿಗೆ ಕೈ ಹಾಕಿದ. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಆಮೇಲೆ ಕೈ ಬಿಟ್ಟು, ಅತ್ತ ಬಾಗಿ, ಆ ಕಡೆಯ ಬೆಲ್ಟನ್ನು ಎಳೆದು, ಚೀಲವನ್ನು ಬಳಸಿ ತಂದು ಸಿಕ್ಕಿಸಿದ.

ಟಿಣ್ ಟಿಣ್ ನಿಂತಿತು. ಹಿಂದಿನಿಂದ ಬಂದ ಬಸ್ಸಿಗೆ ದಾರಿ ಬಿಟ್ಟು, ಗಾಡಿ ಸದ್ದಿಲ್ಲದೆ ಶಿಡ್ಲಘಟ್ಟದ ಕಡೆಗೆ ಹೊರಟಿತು.