‘ವ’ ಪುಟದ ದಾರ

ಮಿಯೊಕೊಳ ಪಾನದಂಗಡಿಯಲ್ಲಿ ಹಾಡುಗಳ ಪಟ್ಟಿಯ ಪುಸ್ತಕವೊಂದಿತ್ತು. ಮಗುವನ್ನು ಎತ್ತಿದ ಹಾಗೆ ಎರಡು ಕೈ ಕೊಟ್ಟು ಎತ್ತಬೇಕು, ಅಷ್ಟು ದಪ್ಪ. ಹಾಡಿನ ಹೆಸರಿನ ಮೊದಲ ಅಕ್ಷರ ಹಿಡಿದು ಹುಡುಕಿದರೆ ಕರೋಕೆ ಯಂತ್ರದಲ್ಲಿ ಒತ್ತುವ ನಂಬರು ಸಿಗುತ್ತದೆ; ಜಪಾನಿ ಅಕ್ಷರಮಾಲೆಯ ಹಾಗೆ ‘ಅ’ಕ್ಕೆ ಶುರು, ‘ವ’ಕ್ಕೆ ಮುಕ್ತಾಯ. ಈಗಿನ ಯಂತ್ರಕ್ಕೆ ಬೆರಳು ತಾಗಿಸಿದರೆ ಸಾಕು, ಪುಸ್ತಕ ಬೇಡವೇ ಬೇಡ. ಆದರೂ ಶಿಯೊಹಾಮ ಬಂದರಿನ ಮೀನುಗಾರರು ಪುಸ್ತಕ ತಿರುವದೆ ಮೈಕು ಹಿಡಿಯುವುದಿಲ್ಲ. ನಾಳೆ ಬೋಟು ಹೊರಡುವುದಿದ್ದರೆ ಇವತ್ತು ಮಧ್ಯಾಹ್ನ ಅದರ ಆಳುಗಳೆಲ್ಲ ಅಲ್ಲಿ ಸೇರಿ ತಲೆಗೊಂದು ಹಾಡು ಹಾಡಲೇಬೇಕು. ಅವರು ಬರುವ ಮೊದಲು ಮಿಯೊಕೊ ಕೊನೆಯ ಹಾಳೆಗಳನ್ನು ಬಲೆ ಹೊಲಿಯುವ ಕೆಂಪು ದಾರದಿಂದ ಬಿಗಿಯಬೇಕು.

ಅಗಲುವುದು, ಮರೆಯುವುದು, ಅವರ ಮಾತಿನಲ್ಲಿ ಎರಡೂ ‘ವ’ದಿಂದಲೇ ಹೊರಡುತ್ತವೆ. ಹಾಗಾಗಿ ಆ ಪುಟಗಳ ತುಂಬ ಬಿಟ್ಟು ಹೋದವರ ಗೋಳೇ ಗೋಳು. ಹೊರಡುವ ಮುನ್ನಾದಿನ ‘ವ’ ಹಾಡು ಕಿವಿಗೆ ಬಿತ್ತೋ, ಬೋಟಿನ ಹಗ್ಗವನ್ನು ಮೂರು ದಿನ ಬಿಚ್ಚುವಂತಿಲ್ಲ. ಪುಸ್ತಕ ನಿನ್ನೆ ಮೊನ್ನೆಯದು, ಕಟ್ಟಳೆ ಅಜ್ಜಂದಿರ ಕಾಲದ್ದು.

ಮಿಯೊಕೊಗೆ ಅದರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಹೊರಡುವಾಗಲೂ ದಾರ ಕಟ್ಟಿದ್ದಳು. ಗಂಟು ಗಟ್ಟಿಯಾಗಿಯೇ ಇತ್ತು, ಗಂಡ ಮಾತ್ರ ಬರಲಿಲ್ಲ. ಆದರೂ ಕಟ್ಟುತ್ತಲೇ ಬಂದಳು. ನಂಬುವವರ ನಡುವೆ ಅಂಗಡಿ ಇಟ್ಟವಳು ನಂಬದಿದ್ದರೂ ನಡೆಯುತ್ತದೆ, ಬಾಯಿ ಬಿಡಬಾರದು ಅಷ್ಟೆ.

ಆ ದಿನ ಬೆಳಗ್ಗೆ ಮಗ ಯಸುಟಾಕಾ ಮಿಸೊ ಸಾರನ್ನು ಊದುತ್ತ ಕೂತಿದ್ದ. ತೋಮಿಯೋಷಿ ಮಾರು ಎಂಬ ಬೋಟಿನ ಇಂಜಿನ್ ನೋಡಿಕೊಳ್ಳುವವನು ಅವನು.

“ಬೋಟಿನ ನೀರೆತ್ತೋ ಪಂಪು ಸರಿಹೋಯ್ತೇನೋ?” ಎಂದಳು.

“ಎಲ್ಲಿ? ಸೆಂದಾಯಿಯಿಂದ ಸಾಮಾನು ಬರ್ಬೇಕು. ಇನ್ನೂ ಮೂರು ದಿನ ಅಂತೆ.”

“ನಾಳೆ ಹೊರಡ್ತಿದೀರಲ್ಲ!”

“ಧಣಿ ಕಾಯಲ್ವಂತೆ. ನಿನ್ನ ಪಂಪಿಗೋಸ್ಕರ ಮೀನು ಸಾಲಾಗಿ ನಿಂತಿರತ್ತೇನೋ ಅಂದ.” ಬಟ್ಟಲು ಕೆಳಗಿಟ್ಟ. “ತಳಕ್ಕೆ ನೀರು ಇಳೀತಾನೇ ಇದೆ. ಕೈಪಂಪಲ್ಲಿ ಎತ್ತಿ ಹಾಕ್ಬೇಕು. ನಾನೂ ಗೆಂಕಿಚಿ ಮಾವನೂ ಪಾಳಿ ಮೇಲೆ ನಿಲ್ತೀವಿ. ಆ ಕೈಪಂಪು ಹಳೇ ಮುದುಕಿ, ಬೇರೆಯವ್ರ ಕೈಗೆ ಬಗ್ಗಲ್ಲ.”

“ಬಂದರು ಕಚೇರೀಲಿ ಹೇಳಬಾರ್ದಾ?”

“ಧಣಿ ಹೋದ ತಿಂಗಳ ತಪಾಸಣೆ ಕಾಗದ ತೋರಿಸ್ತಾನೆ. ಆಮೇಲೆ ಈ ಊರಲ್ಲಿ ನಂಗ್ಯಾರು ಕೆಲಸ ಕೊಡ್ತಾರೆ? ನೀನು ಸುಮ್ನಿರಮ್ಮ.”

ಅವನು ಹೋದ ಮೇಲೆ ಪಾತ್ರೆ ತಿಕ್ಕುತ್ತಿದ್ದವಳ ಕೈ ನಿಂತಿತು. ಸಾಮಾನಿಗೆ ಮೂರು ದಿನ. ಕಟ್ಟಳೆಗೂ ಮೂರೇ ದಿನ.

ಮಧ್ಯಾಹ್ನ ಎಂಟು ಜನ ಬಂದರು. ಸುಟ್ಟ ಮೀನಿನ ಹೊಗೆ, ಬಾಟಲಿಗಳ ಸದ್ದು. ಧಣಿ ಕುಮಗಾಯಿ ತಾನೇ ಮದ್ಯದ ದೊಡ್ಡ ಬಾಟಲಿ ತಂದು ಎಲ್ಲರಿಗೂ ಬಗ್ಗಿಸಿದ. ಬಗ್ಗಿಸುವ ಕೈ ಧಾರಾಳವೇ, ಪಂಪಿನ ವಿಷಯಕ್ಕೆ ಮಾತ್ರ ಮುಷ್ಟಿ ಬಿಚ್ಚುವುದಿಲ್ಲ. ಅರವತ್ತೆಂಟು ದಾಟಿದ ಗೆಂಕಿಚಿ, ಅವಳ ಗಂಡನ ಜೊತೆಗಾರ, ತನ್ನ ಮಾಮೂಲಿ ಹಾಡು ಮುಗಿಸಿದ. ಇಂಡೋನೇಷ್ಯಾದಿಂದ ಬಂದ ವಾಹ್ಯು ಎದ್ದು ನಿಂತು ಹಾಡತೊಡಗಿದ. ಎರಡು ಮಕ್ಕಳ ತಂದೆ, ಬಂದು ಎಂಟು ತಿಂಗಳು.

“ಲೋ ವಾಹ್ಯು, ಹಾಡ್ತಿದೀಯೋ ಹಲ್ಲುನೋವೋ?” ಎಂದರು ಯಾರೋ.

“ಒಳ್ಳೇ ಹಾಡು ಯಾರೂ ಕಲ್ಸಿಲ್ಲ,” ಎಂದು ಅವನು ನಕ್ಕ. “ಅಮ್ಮಾ, ನೀವು ಒಂದು ಕಲ್ಸಿ.”

ಮಿಯೊಕೊ ಕತ್ತರಿ ತೆಗೆದುಕೊಂಡಳು. ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು ದಾರ ಕತ್ತರಿಸಿದಳು. ನಂಬರು ಒತ್ತಿ ‘ವಸುರೆ ಅಮಿ’, ಅಂದರೆ ‘ಮರೆತ ಬಲೆ’, ಎಂಬ ಹಾಡು ಹಾಕಿದಳು. ಯಾರೂ ಬಂದು ಕೇಳದ ಬಲೆಯನ್ನು ಹೆಂಗಸೊಬ್ಬಳು ವರ್ಷ ವರ್ಷವೂ ಹೊಲಿಯುತ್ತಾಳೆ, ಅಷ್ಟೇ ಕಥೆ. ಮೂರು ಚರಣವನ್ನೂ ಹಾಡಿದಳು. ಯಾರ ಬಟ್ಟಲೂ ತುಟಿಗೆ ಏರಲಿಲ್ಲ. ವಾಹ್ಯು ಒಬ್ಬನೇ ತಾಳ ಹಾಕುತ್ತ, ತುಟಿ ಆಡಿಸುತ್ತ ಕಲಿಯುತ್ತಿದ್ದ.

“ಹುಚ್ಚು ಹಿಡೀತಾ ನಿಂಗೆ?” ಎಂದ ಧಣಿ.

“ಆಗಿದ್ದು ಆಯ್ತು ಧಣಿ. ಇನ್ನು ಮೂರು ದಿನ ಹಗ್ಗ ಬಿಚ್ಚೋ ಹಾಗಿಲ್ಲ,” ಎಂದಳು ಮಿಯೊಕೊ.

ಗೆಂಕಿಚಿಯ ಮುಖ ಬೂದಿಯಾಗಿತ್ತು. “ನಿನ್ನ ಗಂಡನ ಮುಖ ನೋಡಿ ಬೈಯಲ್ಲ ಕಣೆ,” ಎಂದು ಬೂಟು ಹಾಕಿಕೊಂಡ. “ಧಣಿ, ನಾನು ಬರಲ್ಲ. ಮೂರು ದಿನ ಬಿಟ್ಟು ಕರೀರಿ.” ಅವನ ಹಿಂದೆ ಇನ್ನೂ ಐದು ಜನ ಎದ್ದರು. ಮಿಯೊಕೊಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಊರೆಲ್ಲ ಉಗಿಯಲಿ, ಅಂಗಡಿ ಮುಚ್ಚಲಿ, ಮಗ ಉಳಿದ ಎಂದುಕೊಂಡಳು.

ಧಣಿ ಗಲಾಟೆ ಮಾಡಲಿಲ್ಲ. ಫೋನು ಹಿಡಿದು ಹೊರಗೆ ಹೋದವನು ಒಂದು ಬಟ್ಟಲು ಖಾಲಿಯಾಗುವಷ್ಟರಲ್ಲಿ ತಿರುಗಿ ಬಂದ. “ದಕ್ಷಿಣದ ಬಂದರಿಂದ ಆರು ಜನ ಬೆಳಗ್ಗೆ ಹೊತ್ತಿಗೆ ಬರ್ತಾರೆ. ಈ ಊರ ಕಟ್ಟಳೆ ಅವರಿಗಿಲ್ಲ, ಅ ಆದ್ರೇನು ವ ಆದ್ರೇನು! ಯಸುಟಾಕಾ, ನೀನು?”

ಮಿಯೊಕೊ ಮಗನ ಕಡೆ ನೋಡಿದಳು. ಅವನು ತಾಯಿಯನ್ನು ನೋಡದೆ “ಬರ್ತೀನಿ” ಎಂದ.

ಮನೆಗೆ ಬಂದ ಮೇಲೆ ಅವಳು ಅವನ ತೋಳು ಹಿಡಿದು ಜಗ್ಗಿದಳು. “ನಿಂಗೋಸ್ಕರ ಹಾಡಿದ್ನಲ್ಲೋ! ನಾಳೆ ಎಲ್ಲಾರೂ ಅಪಶಕುನ ಕಳೀಲಿ ಅಂತ ನನ್ನ ಮುಖಕ್ಕೆ ಉಪ್ಪು ಎರಚ್ತಾರೆ. ಹೊಟ್ಟೆನೋವು ಅಂತ ಮಲಗು, ಸಾಕು!”

“ನಂಗೊತ್ತಮ್ಮ, ಯಾಕೆ ಹಾಡ್ದೆ ಅಂತ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. “ಆದ್ರೆ ಆ ಆರು ಜನಕ್ಕೆ ಬೋಟಿನ ತಳ ಎಲ್ಲಿದೆ ಅಂತಾನೂ ಗೊತ್ತಿಲ್ಲ. ಕೈಪಂಪು ಬಗ್ಗಿಸೋಕೆ ಬರ್ತಿದ್ದಿದ್ದು ಇಬ್ರಿಗೆ. ಗೆಂಕಿಚಿ ಮಾವನ್ನ ನೀನು ಮನೇಗೆ ಕಳಿಸ್ದೆ. ಈಗ ನಾನೂ ಮಲಗಿದ್ರೆ ಅವರೆಲ್ಲ ಸಾಯ್ತಾರೆ.”

ಮಿಯೊಕೊ ಆಗಲೇ ಚಪ್ಪಲಿ ಮೆಟ್ಟಿ ಗೆಂಕಿಚಿಯ ಮನೆಗೆ ಓಡಿದಳು. ತನಗೆ ನಂಬಿಕೆಯಿಲ್ಲ, ಬೇಕೆಂದೇ ಹಾಡಿದೆ, ಪಂಪಿಗೋಸ್ಕರ ಹಾಡಿದೆ ಎಂದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಮುದುಕ ಕೇಳಿಸಿಕೊಂಡ.

“ಯಾಕೆ ಹಾಡ್ದೆ ಅಂತ ಕಡಲು ಕೇಳತ್ತೇನೆ, ಮಿಯೊಕೊ?” ಎಂದ. ಅವನ ಹೆಂಡತಿ ಬಾಗಿಲು ಎಳೆದುಕೊಂಡಳು.

ಬೆಳಗ್ಗೆ ಬೋಟು ಕಟ್ಟುವ ಧಕ್ಕೆಯಲ್ಲಿ ಎಂದಿನಂತೆ ಬೀಳ್ಕೊಡುವ ಬಣ್ಣದ ಕಾಗದದ ಪಟ್ಟಿಗಳು. ಒಂದು ತುದಿ ಬೋಟಿನವರ ಕೈಗೆ, ಇನ್ನೊಂದು ದಡದವರ ಕೈಗೆ. ಆದರೆ ಹೊಸಬರಿಗೆ ಈ ದಡದಲ್ಲಿ ಯಾರೂ ಇರಲಿಲ್ಲ, ಪಟ್ಟಿಗಳು ಸುಮ್ಮನೆ ನೀರಿಗೆ ಜೋತುಬಿದ್ದಿದ್ದವು. ಊರ ಹೆಂಗಸರು ಮಿಯೊಕೊಳಿಂದ ಹತ್ತು ಮಾರು ದೂರ ನಿಂತಿದ್ದರು. ಯಸುಟಾಕಾ ಮೇಲೆ ಕಾಣಲಿಲ್ಲ, ಆಗಲೇ ತಳಕ್ಕೆ ಇಳಿದಿದ್ದ. ಬೋಟಿನ ಪಕ್ಕದ ತೂತಿನಿಂದ ಕಂದು ನೀರು ಬೀಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬೀಳುತ್ತಿತ್ತು. ಅದು ಮಗನ ತೋಳಿನ ಏರಿಳಿತ ಎಂದು ಅವಳಿಗೆ ತಿಳಿಯಿತು.

ಹಗ್ಗ ಬಿಚ್ಚಿದರು. ಹಿಂಬದಿಯ ಕಟಕಟೆಗೆ ವಾಹ್ಯು ಓಡಿ ಬಂದ, ಕೈ ಬೀಸಿದ.

“ಅಮ್ಮಾ! ಕಲ್ತೆ! ರಾತ್ರಿಯೆಲ್ಲ ಕೂತು ಕಲ್ತೆ! ಕೇಳಿ!”

ಬಾಯಿಗೆ ಎರಡೂ ಕೈ ಅಡ್ಡಹಿಡಿದು ಅವನು ‘ವಸುರೆ ಅಮಿ’ ಎತ್ತಿಕೊಂಡ. ಒಂದು ಅಕ್ಷರವೂ ತಪ್ಪಲಿಲ್ಲ. ಹೊಸಬರು ಆರೂ ಜನ ಚಪ್ಪಾಳೆ ತಟ್ಟಿದರು, ಪಲ್ಲವಿ ಬಂದಾಗ ಅವರೂ ಸೇರಿಕೊಂಡರು. ದಡದ ಹೆಂಗಸರೊಳಗೆ ಯಾರೋ ಅಳತೊಡಗಿದರು.

ನಂಬಿಕೆಯಿಲ್ಲದ ಮಿಯೊಕೊ ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿ ಏನು ಬಂತು, ಪ್ರತಿ ಸಾಲೂ ಅವಳಿಗೆ ಬಾಯಿಪಾಠವಿತ್ತು. ಕಣ್ಣನ್ನು ಮಾತ್ರ ಆ ತೂತಿನಿಂದ ಕೀಳಲಿಲ್ಲ. ನೀರು ಬಿತ್ತು. ನಿಂತಿತು. ಮತ್ತೆ ಬಿತ್ತು. ಮೂರನೇ ಚರಣ ಶುರುವಾಗುವಾಗ ಬೋಟು ಅಲೆತಡೆಯ ಗೋಡೆ ದಾಟಿ ತಿರುಗಿತು, ಆ ಪಕ್ಕ ಅವಳಿಗೆ ಕಾಣದಾಯಿತು.