ಗಡಿ ಟವರಿನ ಆಚೆ ಈಚೆ

ಕರೆಂಟಿನ ದೊಡ್ಡ ಲೈನುಗಳಲ್ಲಿ ಅರ್ಧವನ್ನು ಸರ್ಕಾರ ಮಾರಿದಾಗಿನಿಂದ ಆ ಮನೆಯಲ್ಲಿ ಊಟವೆಂದರೆ ಭಾಷಣ. ಮೊಟ್ಟೆಗಳಿಗೆ ಕರೆಂಟಿನ ಕಾವು ಕೊಟ್ಟು ಕೋಳಿಮರಿ ಮಾಡಿಸಿ ಮಾರುವ ಆ ಮನೆಯ ಹೆಂಗಸಿನ ಅಣ್ಣ ಸರ್ಕಾರಿ ಮಂಡಳಿಯ ಎಂಜಿನಿಯರ್. ಗಂಡ, ಲೈನು ಕೊಂಡ ಕಂಪನಿಯ ಎಂಜಿನಿಯರ್. ಒಬ್ಬ "ಜನರ ಆಸ್ತಿ" ಎಂದು ಎದೆ ತಟ್ಟಿಕೊಂಡರೆ ಇನ್ನೊಬ್ಬ "ದಕ್ಷತೆ" ಎಂದು ಮೀಸೆ ತಿರುವುತ್ತಿದ್ದ. ಇಬ್ಬರೂ ಒಪ್ಪುತ್ತಿದ್ದ ಮಾತು ಒಂದೇ: ಇನ್ನು ಕರೆಂಟು ಹೋಗುವ ಪ್ರಶ್ನೆಯೇ ಇಲ್ಲ. ಆ ಭರವಸೆಯ ಮೇಲೆ ಗಂಡ ಅವಳ ಜನರೇಟರನ್ನು ಮಾರಿಬಿಟ್ಟಿದ್ದ. ಇಂಥ ಜಾಣರ ನಡುವೆ ಬಾಳುವುದು ಅವಳ ಹಣೆಬರಹ.

ಹಿತ್ತಿಲಿನ ಹಿಂದೆ ನಿಂತ ಟವರೇ ಗಡಿ. ಅದರಾಚೆಯ ತಂತಿ ಸರ್ಕಾರದ್ದು, ಈಚೆಯದು ಕಂಪನಿಯದು. ಟವರಿಗೂ ಅರ್ಧ ನೀಲಿ, ಅರ್ಧ ಹಸಿರು ಬಳಿದಿದ್ದರು. ಬಣ್ಣ ಬಳಿಯುವುದರಲ್ಲಿ ಮಾತ್ರ ಯಾರೂ ತಡ ಮಾಡಿರಲಿಲ್ಲ.

ಅವತ್ತು ಬೆಳಿಗ್ಗೆ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಹಾಳೆಯೊಂದು ಅಲ್ಲಿನ ತಂತಿಗೆ ಸುತ್ತಿಕೊಂಡಿತು. ಎರಡೂ ಕಡೆಯವರು ಲೈನು ಆಫ್ ಮಾಡಿಸಿ ಜೀಪು ಹತ್ತಿ ಬಂದರು. ಅಷ್ಟರಲ್ಲಿ ಅದೇ ಗಾಳಿ ಹಾಳೆಯನ್ನು ಕಿತ್ತುಕೊಂಡು ಹೋಗಿತ್ತು. ಇನ್ನು ಸ್ವಿಚ್ ಹಾಕುವುದಷ್ಟೇ ಬಾಕಿ. ಆದರೆ ಲೈನು ಹಂಚಿಕೊಂಡ ಮೇಲೆ ಹೊಸ ಪದ್ಧತಿ ಬಂದಿತ್ತು: "ನಮ್ಮ ಕಡೆ ಸರಿಯಾಯ್ತು" ಎಂದು ಮೊದಲು ಹೇಳಿದವರ ತಲೆಗೇ ತಪ್ಪು. ಸರಿಯಾಯಿತೆಂದರೆ ಮೊದಲು ಕೆಟ್ಟಿತ್ತು ಎಂದಾಯಿತಲ್ಲ! ಹಾಗಾಗಿ ಅಣ್ಣನೂ ಗಂಡನೂ ಬಾಯಿಗೆ ಬೀಗ ಹಾಕಿಕೊಂಡು ಅವಳ ವರಾಂಡದಲ್ಲಿ ಕುಳಿತರು.

ಒಳಗೆ, ಕಾವು ಕೊಡುವ ಯಂತ್ರದಲ್ಲಿ ಮರಿಗಳು ಚಿಪ್ಪು ಕುಟ್ಟತೊಡಗಿದ್ದವು. ಅವಳು ಕಂಬಳಿ ಹೊದಿಸಿದಳು, ಬಿಸಿನೀರಿನ ಬಾಟಲಿಗಳನ್ನಿಟ್ಟಳು. ಕಾವು ಇಳಿಯುತ್ತಲೇ ಹೋಯಿತು.

"ಅಣ್ಣಾ, ಹಾಳೆ ಹಾರಿಹೋಗಿದ್ದನ್ನ ಕಣ್ಣಾರೆ ನೋಡ್ದೆ. ಒಂದು ಫೋನ್ ಮಾಡಿ ಆನ್ ಮಾಡ್ಸು."

"ಮೊದ್ಲು ನಿನ್ನ ಗಂಡ ಹೇಳ್ಲಿ. ಹಾಳೆ ಇದ್ದಿದ್ದು ಅವರ ಬಣ್ಣದ ಕಡೆ," ಎಂದ ಅಣ್ಣ.

"ಮರಿ ಸಾಯ್ತಾ ಇವೆ ಕಣ್ರೀ!" ಎಂದು ಗಂಡನತ್ತ ತಿರುಗಿದಳು.

"ನಂಗೂ ಗೊತ್ತು ಕಣೇ. ಆದ್ರೆ ಹಾಳೆ ಹಾರಿಬಂದಿದ್ದು ಭಾವನ ಕಡೆಯಿಂದ. ಭಾವ ಒಂದು ಮಾತು ಹೇಳ್ಲಿ, ತಕ್ಷಣ ಕೊಡಿಸ್ತೀನಿ."

"ಮತ್ತೆ ಗಾಳಿ ಯಾರ್ದಂತೆ?"

ಅಣ್ಣ ಗಂಭೀರವಾಗಿ ಯೋಚಿಸತೊಡಗಿದ. ಪುಣ್ಯಾತ್ಮನಿಗೆ ಅದು ಕುಹಕವೆಂದೇ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಗಿನ ಚಿಲಿಪಿಲಿ ನಿಂತುಹೋಯಿತು. ಸಂಜೆ ಮೇಲಿನವರು ಕೊನೆಗೂ ದಾರಿ ಕಂಡುಹಿಡಿದರು: ಇಬ್ಬರೂ ಒಟ್ಟಿಗೇ ಹೇಳಬೇಕು. ಇಬ್ಬರೂ ಫೋನು ಹಿಡಿದು ಒಟ್ಟಿಗೇ ಹೇಳಿದರು, ದೀಪ ಹತ್ತಿತು.

"ನೋಡಿದ್ಯಾ ನಮ್ಮೋರ ಕೆಲಸ!" ಎಂದು ಇಬ್ಬರೂ ಅವಳ ಮುಂದೆ ಬೀಗಿದರು. ಅದನ್ನೂ ಒಟ್ಟಿಗೇ ಹೇಳಿದರು.

ಅವಳು ಯಂತ್ರದಿಂದ ಒಂದು ಟ್ರೇ ತಂದು ಇಬ್ಬರ ನಡುವೆ ಇಟ್ಟಳು. ಬಿರುಕು ಬಿಟ್ಟ ಚಿಪ್ಪುಗಳಿಂದ ಪುಟ್ಟ ಕೊಕ್ಕುಗಳು ಹೊರಗೆ ಚಾಚಿದ್ದವು. ಒಂದೂ ಮಿಸುಕುತ್ತಿರಲಿಲ್ಲ.

"ಅರ್ಧ ಸರ್ಕಾರದ್ದು, ಅರ್ಧ ಕಂಪನೀದು. ಗಡಿ ನೀವೇ ಹಾಕ್ಕೊಳ್ಳಿ."

ಇಬ್ಬರೂ ತಲೆ ಬಗ್ಗಿಸಿ ಟ್ರೇಯನ್ನೇ ನೋಡುತ್ತ ಕುಳಿತರು. ಅಷ್ಟಾದರೂ ನಾಚಿಕೆ ಉಳಿದಿದೆಯಲ್ಲ ಎಂದು ಅವಳಿಗೆ ಅರೆಕ್ಷಣ ಅನಿಸಿತು.

"ಸಾಲು ಐದಿವೆ ಭಾವನೋರೇ," ಎಂದ ಅಣ್ಣ, "ನಡುವಿನದು ನಿಮ್ಮ ಕಡೆಗೇ ಬರತ್ತೆ."

ಗಂಡ ಒಪ್ಪಲಿಲ್ಲ. ಅವಳು ಯಂತ್ರ ತೊಳೆಯಲು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.