ಜಗ್ಗಿದರೆ ಬಿಚ್ಚುವ ತೆಪ್ಪ

"ತಲೆ ಬಗ್ಗಿಸೇ ಮುಂಡೆ. ಇದೇನು ಜಡೆನೋ ಹಕ್ಕಿ ಗೂಡೋ?"

ಧಣಿ ಸ್ಕೇಲಿನ ತುದಿಯಿಂದ ಅವಳ ಕೂದಲು ಕೆದಕಿದ. ಕೈಯಿಂದ ಮುಟ್ಟುತ್ತಿರಲಿಲ್ಲ. ಬಂದರಿನ ಶೆಡ್ಡಿನ ಬಾಗಿಲಲ್ಲಿ ದಿನ ಬೆಳಗಾದರೆ ಇದೇ ಪಾಡು. ಒಳಗೆ ಹೋಗುವ ಹೆಂಗಸರು ಬಳೆ, ಓಲೆ, ಉಂಗುರ, ತಲೆಪಿನ್ನು ಎಲ್ಲ ಬಿಚ್ಚಿಟ್ಟು ಬರಿಗಾಲಲ್ಲಿ ಸಾಲು ನಿಲ್ಲಬೇಕು. ಒಳಗಿರುವುದು ರಬ್ಬರಿನ ತೆಪ್ಪಗಳು, ಹಡಗು ಮುಳುಗುವಾಗ ಜನ ಹತ್ತಿ ಕೂರುವಂಥವು. ಮಡಿಸಿ ಬಿಳಿ ಡಬ್ಬದಲ್ಲಿ ತುಂಬಿ ಹಡಗಿನ ಅಂಚಿಗೆ ಕೂರಿಸಿರುತ್ತಾರೆ. ಹಗ್ಗ ಜಗ್ಗಿದರೆ ಒಳಗಿನ ಗ್ಯಾಸ್ ಬಾಟಲಿ ಬಿಚ್ಚಿಕೊಂಡು, ತೆಪ್ಪ ಗುಡಾರದ ಹಾಗೆ ಉಬ್ಬಿ ನಿಲ್ಲಬೇಕು. ಒಂದು ಪಿನ್ನು ತಾಗಿದರೂ ತೂತು. ಹಾಗಂತ ಹೇಳುವ ಧಣಿಯ ಬೆರಳುಗಳಲ್ಲಿ ಮಾತ್ರ ಉಂಗುರಗಳು ಇದ್ದಲ್ಲೇ ಇದ್ದವು.

ಅವತ್ತು ಧಣಿ ಕೂದಲು ಕೆದಕಿದವಳನ್ನು ಎಲ್ಲರೂ ಪೌಡರಕ್ಕ ಎನ್ನುತ್ತಿದ್ದರು. ರಬ್ಬರು ಒಂದಕ್ಕೊಂದು ಅಂಟದಂತೆ ಮಡಿಕೆ ಮಡಿಕೆಗೂ ಬಿಳಿ ಪುಡಿ ಸವರಿ ಮಡಿಸುವುದು ಅವಳ ಕೆಲಸ. ಸಂಜೆ ಮನೆ ಸೇರುವಾಗ ಕಣ್ಣರೆಪ್ಪೆಯೂ ಬೆಳ್ಳಗಿರುತ್ತಿತ್ತು. ಮಗಳು ಬಾಗಿಲಲ್ಲೇ ಅವಳ ಸೆರಗು ಕೊಡವಿ, ಸೀನಿ, "ನೀನು ಬಂದರೆ ಮನೆ ಹಿಟ್ಟಿನ ಗಿರಣಿ ಆಗುತ್ತಮ್ಮ" ಎಂದು ನಗುತ್ತಿದ್ದಳು.

ಅವತ್ತಿನ ತೆಪ್ಪ ಮಧ್ಯಾಹ್ನವೇ ಹೋಗಬೇಕಿತ್ತು. ಅದನ್ನು ಒಯ್ಯುವ ಹಡಗು ಕಣ್ಣೆದುರಿನ ಕಟ್ಟೆಯಲ್ಲೇ ನಿಂತಿತ್ತು. ಪೌಡರಕ್ಕ ಕುಕ್ಕರಗಾಲಲ್ಲಿ ಕೂತು ಗ್ಯಾಸ್ ಬಾಟಲಿ ಎತ್ತಿದಳು. ಮಲಗಿದ ಮಗುವಿನಷ್ಟು ಭಾರ ಇರಬೇಕಾದದ್ದು ಖಾಲಿ ಬಿಂದಿಗೆಯ ಹಾಗೆ ಮೇಲೆದ್ದು ಬಂತು. ತೆಪ್ಪದ ಜೊತೆ ಹೋಗಬೇಕಾದ ಕುಡಿಯುವ ನೀರಿನ ಪ್ಯಾಕೆಟ್ಟುಗಳ ಚೀಲ ಬಿಚ್ಚಿದಳು. ಒಳಗೆ ಚಿಂದಿ ಬಟ್ಟೆ.

"ಧಣಿ, ಬಾಟಲಿ ಖಾಲಿ ಇದೆ. ಕುಡಿಯೋ ನೀರೂ ಇಲ್ಲ."

"ಸುತ್ತ ಸಮುದ್ರನೇ ಇರುತ್ತಲ್ಲೇ, ನೀರಿಗೇನು ಬರ?" ತನ್ನ ಮಾತಿಗೆ ತಾನೇ ನಕ್ಕ. "ತೂಕಕ್ಕೆ ಎರಡು ಮರಳು ಚೀಲ ತುರುಕು."

"ಹಗ್ಗ ಜಗ್ಗಿದಾಗ..."

"ಯಾವನು ಜಗ್ಗುತ್ತಾನೆ? ಜಗ್ಗಿದವನು ವಾಪಸ್ ಬಂದು ನನ್ನ ಕೇಳುತ್ತಾನಾ? ಪುಡಿ ಬಳಿಯೋ ಕೈಗೆ ಬಾಯಿ ಯಾಕೆ? ಬಾಗಿಲು ತೆಗೆದೇ ಇದೆ, ಹೋಗೋದಾದರೆ ಹೋಗು."

ಪಕ್ಕದಲ್ಲಿ ತೇಪೆ ಹಚ್ಚುತ್ತಿದ್ದ ಅಂಟಜ್ಜಿ ಅವಳ ಮೊಣಕಾಲು ಚಿವುಟಿದಳು. "ಒಲೆ ನೆನಸಿಕೊಂಡು ಸುಮ್ಮನಿರೇ. ನಿನ್ನ ಮಗಳ ತಟ್ಟೆಗೆ ಯಾರು ಹಾಕುತ್ತಾರೆ?"

ಪೌಡರಕ್ಕ ಮರಳು ಚೀಲ ಇಟ್ಟಳು. ಅದರ ಮೇಲೂ ಅಭ್ಯಾಸಬಲದಿಂದ ಪುಡಿ ಸವರಿದಳು.

ಡಬ್ಬ ಒಯ್ಯಲು ಹಡಗಿನಿಂದ ಕೈಗಾಡಿ ತಳ್ಳಿಕೊಂಡು ಬಂದವರಲ್ಲಿ ಅವಳ ತಮ್ಮನೂ ಇದ್ದ. ತಾಯಿ ಸತ್ತ ಮೇಲೆ ಸೊಂಟದ ಮೇಲೆ ಹೊತ್ತು ಅವಳೇ ಬೆಳೆಸಿದವನು. ಮೊನ್ನೆಯಷ್ಟೇ ಯಾವುದೋ ಹಡಗಿನ ಕೆಲಸಕ್ಕೆ ಸೇರಿದ್ದ. ಅದು ಇದೇ ಹಡಗೆಂದು ಅವಳಿಗೆ ಗೊತ್ತಿರಲಿಲ್ಲ.

"ಏನಕ್ಕ, ಮತ್ತೆ ಹಿಟ್ಟಿನ ಡಬ್ಬಕ್ಕೆ ಬಿದ್ದೆಯಾ?"

ಅವಳು ನಗಲಿಲ್ಲ. "ಹಡಗು ಮುಳುಗಿದರೆ ಏನು ಮಾಡಬೇಕು ಅಂತ ಹೇಳಿಕೊಟ್ಟಿದ್ದಾರೇನೋ?"

"ಓಹೋ, ಬಾಯಿಪಾಠ. ಹಗ್ಗದ ತುದಿ ಹಡಗಿಗೆ ಕಟ್ಟಬೇಕು. ಡಬ್ಬ ನೀರಿಗೆ ತಳ್ಳಬೇಕು. ಹಗ್ಗ ಮುಗಿಯೋವರೆಗೂ ಎಳೆದು, ಕೊನೆಗೆ ಜೋರಾಗಿ ಜಗ್ಗಬೇಕು. ಹತ್ತಿದ ಮೇಲೆ ಹಗ್ಗ ಕತ್ತರಿಸಿ, ಒಳಗಿನ ನೀರು ಒರೆಸಿ, ಮೈಗೆ ಮೈ ತಾಗಿಸಿ ಕೂರಬೇಕು. ಬಾಯಾರಿತು ಅಂತ ಉಪ್ಪುನೀರು ಮಾತ್ರ ಕುಡಿಯಬಾರದು."

ಅವಳು ಅವನ ಕಿವಿಯ ಹತ್ತಿರ ಬಾಗಿದಳು. "ಇದು ಉಬ್ಬಲ್ಲ ಕಣೋ. ಬಾಟಲಿ ಖಾಲಿ. ನೀನು ಹೋಗಬೇಡ."

ತಮ್ಮನ ನಗು ಆರಿತು. ಡಬ್ಬವನ್ನು ಒಮ್ಮೆ, ಹಡಗನ್ನು ಒಮ್ಮೆ ನೋಡಿದ. "ನಾನು ಹೋಗದಿದ್ದರೆ ಇನ್ನೊಬ್ಬ ಹೋಗುತ್ತಾನಕ್ಕ. ಡಬ್ಬ ಇದೇ."

"ಏನೇ ಅದು ಗುಸುಗುಸು? ಗಂಡಸು ಕಂಡರೆ ಹಲ್ಲು ಕಿಸಿಯೋಕೆ ನಿಂತುಬಿಡ್ತೀರಾ ಲೌಡಿಗಳಾ?" ಧಣಿ ಬಾಗಿಲಿಂದಲೇ ಕೂಗಿದ.

ಪೌಡರಕ್ಕ ಗಾಡಿಯ ಹಿಂದೆ ಹೊರಗೆ ಬಂದಳು. ಹಡಗು ಕಟ್ಟುವ ಕಬ್ಬಿಣದ ಗೂಟದ ಹತ್ತಿರ ಗಾಡಿ ನಿಂತಾಗ, ಡಬ್ಬದಿಂದ ಇಣುಕುತ್ತಿದ್ದ ಹಗ್ಗದ ತುದಿ ಹಿಡಿದು ಎಳೆಯತೊಡಗಿದಳು. ಒಂದು ಮಾರು ಬಂತು, ಇನ್ನೊಂದು ಮಾರು ಬಂತು. ಬಾವಿಯಿಂದ ಸೇದುವ ಹಾಗೆ ಕೈಮೇಲೆ ಕೈ ಹಾಕಿ ಎಳೆದಳು.

"ಏಯ್, ಬಿಡೇ. ತಲೆ ಕೆಟ್ಟಿದೆಯಾ ಇವಳಿಗೆ? ಹಿಡಕೊಳ್ರೋ ಅವಳನ್ನ."

ಯಾರೂ ಹಿಡಿಯಲಿಲ್ಲ. ಧಣಿ ಓಡಿ ಬಂದು ಜಡೆಗೇ ಕೈ ಹಾಕಿದ. ಪಿನ್ನಿಲ್ಲದ ಕೂದಲು ಬಿಚ್ಚಿಕೊಂಡು ಅವನ ಉಂಗುರಗಳಿಗೆ ಸಿಕ್ಕಿಕೊಂಡಿತು. ತಮ್ಮ ಅಡ್ಡ ಬಂದು ಧಣಿಯ ಮಣಿಕಟ್ಟು ಹಿಡಿದ. "ಕೈ ತೆಗಿ ಧಣಿ. ಇಲ್ಲಾಂದರೆ ಮುರೀತೀನಿ."

ಹಗ್ಗ ಬಿಗಿಯಾಯಿತು. ಅವಳು ಗೂಟಕ್ಕೆ ಕಾಲು ಕೊಟ್ಟು, ಮೈಯೆಲ್ಲ ಹಿಂದಕ್ಕೆ ಹಾಕಿ ಜಗ್ಗಿದಳು.

ಒಳಗೆ ಏನೋ ಟಕ್ಕೆಂದಿತು, ಅಷ್ಟೇ. ಉಸಿರಿನಷ್ಟು ಗಾಳಿಯೂ ಬರಲಿಲ್ಲ. ತಮ್ಮನೇ ಡಬ್ಬದ ಪಟ್ಟಿ ಕಿತ್ತು ಅದನ್ನು ಮಗುಚಿದ. ಮಡಿಸಿದ ತೆಪ್ಪ ಹೊರಳಿ ನೆಲಕ್ಕೆ ಬಿತ್ತು. ಮರಳು ಸುರಿಯಿತು, ಚಿಂದಿ ಉದುರಿತು. ಅವಳು ಸವರಿದ ಪುಡಿ ಮಾತ್ರ ಎದ್ದು ಎಲ್ಲರ ಮುಖಕ್ಕೆ ಕೂತಿತು.

ಹಡಗಿನವರು ಒಬ್ಬೊಬ್ಬರೇ ಇಳಿದು ಬಂದು ಸುತ್ತ ನಿಂತರು.

"ಇವಳೇ ಕೆಡಿಸಿದ್ದು. ನಾಳೆಯಿಂದ ಈ ಬೇವರ್ಸಿಗೆ ಎಲ್ಲೂ ಕೆಲಸ ಸಿಗಲ್ಲ, ನೋಡ್ತಿರಿ" ಎಂದು ಧಣಿ ಕೂಗುತ್ತಲೇ ಇದ್ದ.

ನರೆಗಡ್ಡದ ನಾವಿಕನೊಬ್ಬ ಅವನ ಕಡೆ ತಿರುಗಲೂ ಇಲ್ಲ. ಹಡಗಿನ ಅಂಚಿನಲ್ಲಿ ಸಾಲಾಗಿ ಕೂತಿದ್ದ ಹಳೆಯ ಬಿಳಿ ಡಬ್ಬಗಳನ್ನು ತೋರಿಸಿ ಅವಳನ್ನು ಕೇಳಿದ. "ಅವನ್ನ ಯಾರಮ್ಮ ತುಂಬಿದ್ದು?"

"ಇದೇ ಶೆಡ್ಡು" ಎಂದಳು ಪೌಡರಕ್ಕ. "ಇದೇ ಕೈ."

ನಾವಿಕ ಹಡಗಿನ ಏಣಿ ಹತ್ತಿದ. ತಮ್ಮನೂ ಹಿಂದೆ ಹೋದ. ಹಡಗು ಹೊರಡುವ ಸಿಳ್ಳೆ ಹಾಕಿತು, ಕಟ್ಟೆಗೆ ಇಳಿದಿದ್ದ ಉಳಿದ ಹಡಗಿನವರು ಅಲುಗಲಿಲ್ಲ. ಮೇಲಿನಿಂದ ತಳ್ಳಿದ ಮೊದಲನೇ ಹಳೆಯ ಡಬ್ಬ ದೊಪ್ಪನೆ ನೀರಿಗೆ ಬಿತ್ತು. ಶೆಡ್ಡಿನ ಹೆಂಗಸರು ಬರಿಗಾಲಲ್ಲೇ ಓಡಿ ಬಂದರು, ಅಂಟಜ್ಜಿಯೂ ಬಂದಳು.

ಇದಾದರೂ ಉಬ್ಬುತ್ತದೋ ನೋಡಲು ಮೇಲೆ ಇಬ್ಬರೂ ಹಗ್ಗ ಎಳೆಯತೊಡಗಿದರು. ಹಗ್ಗ ಇನ್ನೂ ಬರುತ್ತಲೇ ಇತ್ತು.